ಬೆಳಿಗ್ಗೆ ಬೆರಳು ಮಡಚಲಾಗುತ್ತಿಲ್ಲವೇ? ರುಮಟಾಯ್ಡ್ ಸಂಧಿವಾತವನ್ನು ಬೇಗ ಗುರುತಿಸುವುದು ಹೇಗೆ

ಬೆಳಿಗ್ಗೆ ಎದ್ದ ತಕ್ಷಣ ಮುಷ್ಟಿ ಕಟ್ಟಲು ಆಗುವುದಿಲ್ಲ. ಬ್ರಷ್ ಹಿಡಿಯುವುದು ಕಷ್ಟ, ನಲ್ಲಿ ತಿರುಗಿಸುವುದು ಕಷ್ಟ, ನೆಲಕ್ಕೆ ಪಾದ ಊರಿದರೆ ಕಾಲ್ಬೆರಳ ಬುಡದಲ್ಲಿ ನೋವು. ಒಂದೆರಡು ಗಂಟೆ ಓಡಾಡಿದ ಮೇಲೆ ಕೈಕಾಲು ತುಸು ಸಡಿಲವಾಗುತ್ತವೆ. ಬಹಳಷ್ಟು ಜನ ಇದನ್ನು 'ವಾಯು', 'ಥಂಡಿ', 'ಕೆಲಸ ಜಾಸ್ತಿಯಾಯಿತು' ಎಂದುಕೊಂಡು ಎಣ್ಣೆ ಹಚ್ಚಿ, ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿ ದಿನ ತಳ್ಳುತ್ತಾರೆ. ಆದರೆ ಈ ಬಿಗಿತ ಆರು ವಾರ ಕಳೆದರೂ ಹೋಗದಿದ್ದರೆ, ಅದರಲ್ಲೂ ಎರಡೂ ಕೈಗಳಲ್ಲಿ ಒಂದೇ ರೀತಿ ಕಾಣಿಸಿಕೊಂಡರೆ, ಅದು ರುಮಟಾಯ್ಡ್ ಸಂಧಿವಾತ ಇರಬಹುದು ಎಂದು ಅನುಮಾನಿಸಬೇಕು.

ಅನುಮಾನ ಬೇಗ ಬರಬೇಕು ಎನ್ನುವುದಕ್ಕೆ ಕಾರಣವಿದೆ. ಈ ಕಾಯಿಲೆಯಲ್ಲಿ ಮೂಳೆ ಸವೆತ ಶುರುವಾಗುವುದು ಸಾಮಾನ್ಯವಾಗಿ ಮೊದಲ ಎರಡು ವರ್ಷಗಳಲ್ಲೇ. ಒಮ್ಮೆ ಸವೆದ ಕೀಲನ್ನು ಯಾವ ಮಾತ್ರೆಯೂ ಹಳೆಯ ಸ್ಥಿತಿಗೆ ತರುವುದಿಲ್ಲ. ಲಕ್ಷಣ ಕಾಣಿಸಿಕೊಂಡ ಮೊದಲ ಮೂರರಿಂದ ಆರು ತಿಂಗಳೊಳಗೆ ಸರಿಯಾದ ಔಷಧಿ ಆರಂಭಿಸಿದವರಲ್ಲಿ ಹಲವರು ಬೆರಳು ಸೊಟ್ಟಗಾಗದೆ, ಕೆಲಸ ಬಿಡದೆ ಬದುಕುತ್ತಿದ್ದಾರೆ. ತಡವಾದಷ್ಟೂ ಆ ಅವಕಾಶ ಕಡಿಮೆಯಾಗುತ್ತದೆ.

ಇದು ಯಾವ ಸಂಧಿವಾತ?

ಕನ್ನಡದಲ್ಲಿ ಕೀಲುನೋವಿಗೆಲ್ಲ 'ಸಂಧಿವಾತ' ಎಂಬ ಒಂದೇ ಹೆಸರು. ಗೊಂದಲ ಶುರುವಾಗುವುದೇ ಇಲ್ಲಿ. ವಯಸ್ಸಾದವರ ಮಂಡಿ ಸವೆತ ಬೇರೆ, ಯೂರಿಕ್ ಆಮ್ಲ ಹೆಚ್ಚಾಗಿ ಬರುವ ಗೌಟ್ ಬೇರೆ, ರುಮಟಾಯ್ಡ್ ಬೇರೆ. ಆಯುರ್ವೇದದ 'ಮಾಧವ ನಿದಾನ' ಗ್ರಂಥದಲ್ಲಿ ಬರುವ ಆಮವಾತದ ವರ್ಣನೆಗೂ ಇದಕ್ಕೂ ಹೋಲಿಕೆಯಿರುವುದರಿಂದ ಕೆಲವರು ಇದನ್ನು ಆಮವಾತ ಎಂದೂ ಕರೆಯುತ್ತಾರೆ. ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಹೆಸರನ್ನು 1859ರಲ್ಲಿ ಕೊಟ್ಟವರು ಇಂಗ್ಲೆಂಡಿನ ವೈದ್ಯ ಆಲ್ಫ್ರೆಡ್ ಗ್ಯಾರಡ್. ಗೌಟ್‌ನಿಂದ ಇದನ್ನು ಬೇರ್ಪಡಿಸಿ ತೋರಿಸುವುದೇ ಅವರ ಉದ್ದೇಶವಾಗಿತ್ತು. ನಮ್ಮಲ್ಲಿ ಮಾತ್ರ ಕೀಲು ನೋವೆಂದರೆ ಮೊದಲು ಯೂರಿಕ್ ಆಮ್ಲ ನೋಡಿಸುವ ರೂಢಿ ಇನ್ನೂ ಹೋಗಿಲ್ಲ.

ರೋಗಾಣುಗಳ ವಿರುದ್ಧ ಹೋರಾಡಬೇಕಾದ ರೋಗನಿರೋಧಕ ವ್ಯವಸ್ಥೆ ಈ ಕಾಯಿಲೆಯಲ್ಲಿ ತನ್ನದೇ ದೇಹದ ಮೇಲೆ ತಿರುಗಿ ಬೀಳುತ್ತದೆ. ಕೀಲಿನ ಒಳಭಾಗವನ್ನು ಆವರಿಸಿರುವ ತೆಳು ಪೊರೆ ಉರಿಯೂತದಿಂದ ದಪ್ಪಗಾಗಿ, ನೀರು ತುಂಬಿ ಊದಿಕೊಳ್ಳುತ್ತದೆ. ದಿನ ಕಳೆದಂತೆ ಆ ಪೊರೆಯೇ ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತದೆ, ಕೀಲನ್ನು ಹಿಡಿದಿಟ್ಟಿರುವ ಕಟ್ಟುಗಳು ಸಡಿಲವಾಗುತ್ತವೆ. ಬೆರಳುಗಳು ಕಿರುಬೆರಳಿನ ಕಡೆಗೆ ವಾಲುವುದು ಹೀಗೆ. ಆದ್ದರಿಂದ ಇದು ಸವೆತದಿಂದ ಶುರುವಾಗುವ ಕಾಯಿಲೆಯಲ್ಲ, ಉರಿಯೂತದಿಂದ ಶುರುವಾಗಿ ಸವೆತದಲ್ಲಿ ಮುಗಿಯುವ ಕಾಯಿಲೆ.

ವಯಸ್ಕರಲ್ಲಿ ಶೇಕಡ ಅರ್ಧದಿಂದ ಒಂದರಷ್ಟು ಜನರಿಗೆ ಇದು ಬರುತ್ತದೆ ಎಂಬುದು ಸಾಮಾನ್ಯ ಅಂದಾಜು. ಉತ್ತರ ಭಾರತದ ಗ್ರಾಮೀಣ ಜನರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಕಂಡಿದ್ದು ಶೇ. 0.75. ಪುರುಷರಿಗಿಂತ ಮಹಿಳೆಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಯಾವ ವಯಸ್ಸಿನಲ್ಲೂ ಬರಬಹುದಾದರೂ 30ರಿಂದ 60 ವರ್ಷದೊಳಗೆ ಶುರುವಾಗುವುದೇ ಜಾಸ್ತಿ. ಅಂದರೆ ಇದು ಮುದುಕರ ಕಾಯಿಲೆಯಲ್ಲ. ಮನೆ ನಡೆಸುವ, ದುಡಿಯುವ ವಯಸ್ಸಿನವರ ಕಾಯಿಲೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ಇದ್ದರೆ ಸಾಧ್ಯತೆ ಸ್ವಲ್ಪ ಹೆಚ್ಚು. ಧೂಮಪಾನ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ವಸಡಿನ ಕಾಯಿಲೆಗೂ ಇದಕ್ಕೂ ನಂಟಿದೆ.

ಗುರುತಿಸುವುದು ಹೇಗೆ?

ಮೊದಲು ಗಮನಿಸಬೇಕಾದದ್ದು ಬೆಳಗಿನ ಬಿಗಿತದ ಅವಧಿ. ಮಂಡಿ ಸವೆತ ಇರುವವರಿಗೂ ಬೆಳಿಗ್ಗೆ ಕಾಲು ಹಿಡಿದಂತಾಗುತ್ತದೆ, ಆದರೆ ಹತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆಯಲ್ಲಿ ಬಿಡುತ್ತದೆ. ಮತ್ತೆ ಮೆಟ್ಟಿಲು ಹತ್ತಿ ಇಳಿದಾಗ, ಸಂಜೆಯ ಹೊತ್ತಿಗೆ ನೋವು ಹೆಚ್ಚುತ್ತದೆ. ರುಮಟಾಯ್ಡ್‌ನಲ್ಲಿ ಇದು ತಿರುವುಮುರುವು. ಬಿಗಿತ ಒಂದು ಗಂಟೆಗೂ ಮೀರಿ ಇರುತ್ತದೆ, ಕೈಕಾಲು ಆಡಿಸಿದಷ್ಟೂ ಸಡಿಲವಾಗುತ್ತದೆ, ಸುಮ್ಮನೆ ಕೂತರೆ ಮತ್ತೆ ಹಿಡಿದುಕೊಳ್ಳುತ್ತದೆ. ಬೆಂಗಳೂರು, ಪುಣೆ ನಡುವೆ ರಾತ್ರಿ ಬಸ್ಸಿನಲ್ಲಿ ಕೂತು ಬಂದವರಿಗೆ ಇಳಿಯುವಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಎರಡನೆಯದು ಜಾಗ. ಮೊದಲು ಹಿಡಿಯುವುದು ಸಾಮಾನ್ಯವಾಗಿ ಸಣ್ಣ ಕೀಲುಗಳನ್ನು: ಬೆರಳು ಅಂಗೈಗೆ ಸೇರುವ ಗೆಣ್ಣು, ಬೆರಳಿನ ನಡುವಿನ ಗೆಣ್ಣು, ಮಣಿಕಟ್ಟು, ಕಾಲ್ಬೆರಳ ಬುಡ. ಉಗುರಿನ ಪಕ್ಕದ ತುದಿಯ ಗೆಣ್ಣನ್ನು ಇದು ಹೆಚ್ಚಾಗಿ ಮುಟ್ಟುವುದಿಲ್ಲ. ಅಲ್ಲಿ ಗಟ್ಟಿ ಗಂಟು ಕಾಣಿಸಿದರೆ ಅದು ಬಹುತೇಕ ಸವೆತದ್ದು. ಸೊಂಟನೋವೂ ರುಮಟಾಯ್ಡ್‌ನ ಲಕ್ಷಣವಲ್ಲ, ಆದರೆ ಕುತ್ತಿಗೆಯ ಮೇಲ್ಭಾಗದ ಮೂಳೆಗಳಿಗೆ ಇದು ತಗಲಬಹುದು. ಎಡ, ಬಲ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಕೀಲುಗಳಲ್ಲಿ ನೋವಿರುವುದು ಇನ್ನೊಂದು ಗುರುತು.

ಮೂರನೆಯದು ಊತ. ಬರೀ ನೋವಲ್ಲ, ಮುಟ್ಟಿದರೆ ಮೆತ್ತಗೆ, ಸ್ವಲ್ಪ ಬೆಚ್ಚಗೆ ಇರುವ ಊತ. ಬೆರಳಿನ ಉಂಗುರ ಬಿಗಿಯಾಗುವುದು, ಬಳೆ ಏರಿಸುವಾಗ ಗೆಣ್ಣಿನ ಹತ್ತಿರ ನೋವಾಗುವುದು, ಚಪ್ಪಲಿ ಬಿಗಿಯಾಗುವುದು ಮನೆಯಲ್ಲೇ ಗೊತ್ತಾಗುವ ಸೂಚನೆಗಳು. ವೈದ್ಯರು ಮಾಡುವ ಒಂದು ಸರಳ ಪರೀಕ್ಷೆಯಿದೆ: ಹಸ್ತಲಾಘವ ಕೊಡುವಾಗ ಹಿಡಿಯುವಂತೆ ನಾಲ್ಕು ಬೆರಳುಗಳ ಬುಡದ ಗೆಣ್ಣುಗಳನ್ನು ಎರಡೂ ಪಕ್ಕದಿಂದ ಮೆಲ್ಲಗೆ ಒತ್ತುವುದು. ಅಷ್ಟಕ್ಕೇ ಜೀವ ಹೋದಷ್ಟು ನೋವಾದರೆ ಕೀಲುತಜ್ಞರನ್ನು ಕಾಣುವುದು ಒಳ್ಳೆಯದು. ಚಪಾತಿ ಹಿಟ್ಟು ನಾದಲು, ಬಟ್ಟೆ ಹಿಂಡಲು, ಕುಕ್ಕರ್ ಮುಚ್ಚಳ ತೆಗೆಯಲು, ಮಗಳ ಜಡೆ ಹಾಕಲು ಆಗುತ್ತಿಲ್ಲ ಎಂದು ವೈದ್ಯರಿಗೆ ಹೇಳಿ. 'ಕೈ ನೋವು' ಎಂಬ ಎರಡು ಪದಕ್ಕಿಂತ ಈ ವಿವರ ಅವರಿಗೆ ಹೆಚ್ಚು ತಿಳಿಸುತ್ತದೆ.

ಇವುಗಳ ಜೊತೆಗೆ ಅತಿಯಾದ ಸುಸ್ತು, ಸಣ್ಣ ಜ್ವರ, ಹಸಿವಿಲ್ಲದಿರುವುದು, ತೂಕ ಇಳಿಯುವುದು, ರಕ್ತಹೀನತೆ ಇರಬಹುದು. ಮನೆಯವರಿಗೆ ಊದಿದ ಬೆರಳು ಕಾಣುತ್ತದೆ, ಸುಸ್ತು ಕಾಣುವುದಿಲ್ಲ. 'ಸೋಮಾರಿತನ' ಎಂಬ ಮಾತು ಕೇಳಬೇಕಾಗಿ ಬರುವುದು ಅದಕ್ಕೇ. ಇದು ಉರಿಯೂತದಿಂದ ಬರುವ ಸುಸ್ತು, ಮನಸ್ಸಿನ ದೌರ್ಬಲ್ಯವಲ್ಲ.

ನಮ್ಮ ದೇಶದಲ್ಲಿ ಇದರ ವೇಷ ಹಾಕಿ ಬರುವ ಇನ್ನೊಂದು ಕಾಯಿಲೆ ಚಿಕುನ್‌ಗುನ್ಯಾ. 2006ರಲ್ಲಿ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಜನ ಬಗ್ಗಿ ನಡೆದ ದಿನಗಳನ್ನು ಹಲವರು ಮರೆತಿರಲಿಕ್ಕಿಲ್ಲ. ಜ್ವರ ಬಿಟ್ಟ ಮೇಲೂ ಅದರ ಕೀಲುನೋವು ತಿಂಗಳುಗಟ್ಟಲೆ ಉಳಿಯಬಹುದು, ಎರಡೂ ಕೈಗಳಿಗೂ ಬರಬಹುದು. ಆದ್ದರಿಂದ ನೋವಿಗೆ ಮುಂಚೆ ಜ್ವರ, ಮೈಮೇಲೆ ಕೆಂಪು ಗುಳ್ಳೆ ಇತ್ತೇ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಹೆರಿಗೆಯಾದ ಕೆಲವು ತಿಂಗಳಲ್ಲಿ ಶುರುವಾಗುವ ಕೀಲೂತದ ವಿಷಯದಲ್ಲೂ ಎಚ್ಚರ ಬೇಕು. ಬಾಣಂತನದಲ್ಲಿ ಥಂಡಿ ತಗುಲಿತು, ಪಥ್ಯ ತಪ್ಪಿತು ಎಂದು ಹಿರಿಯರು ಹೇಳುವುದುಂಟು. ಆದರೆ ಹೆರಿಗೆಯ ನಂತರದ ತಿಂಗಳುಗಳು ರುಮಟಾಯ್ಡ್ ಮೊದಲ ಬಾರಿ ಕಾಣಿಸಿಕೊಳ್ಳುವ ಅಥವಾ ಕೆರಳುವ ಕಾಲ ಎಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ.

'ಆರ್‌ಎ ಫ್ಯಾಕ್ಟರ್ ನೆಗೆಟಿವ್' ಎಂದರೆ?

ಲ್ಯಾಬ್ ವರದಿಯಲ್ಲಿ ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬಂದರೆ ಕಾಯಿಲೆ ಇದೆ, ನೆಗೆಟಿವ್ ಬಂದರೆ ಇಲ್ಲ ಎಂದು ತಿಳಿಯುವುದು ತಪ್ಪು. ರುಮಟಾಯ್ಡ್ ಇರುವವರಲ್ಲಿ ಸುಮಾರು ಶೇ. 70ರಿಂದ 80 ಜನರಿಗೆ ಮಾತ್ರ ಇದು ಪಾಸಿಟಿವ್ ಬರುತ್ತದೆ, ಕಾಯಿಲೆಯ ಆರಂಭದಲ್ಲಿ ಇನ್ನೂ ಕಡಿಮೆ. ಇನ್ನೊಂದು ಕಡೆ, ಕ್ಷಯ, ಹೆಪಟೈಟಿಸ್ ಸಿ ಇರುವವರಲ್ಲಿ, ಆರೋಗ್ಯವಾಗಿರುವ ಕೆಲವು ಹಿರಿಯರಲ್ಲೂ ಅದು ಪಾಸಿಟಿವ್ ಬರಬಹುದು. ಆಂಟಿ-ಸಿಸಿಪಿ ಎಂಬ ಪರೀಕ್ಷೆ ಹೆಚ್ಚು ನಂಬಲರ್ಹ. ಅದು ಪಾಸಿಟಿವ್ ಬಂದು, ಕೀಲೂತವೂ ಇದ್ದರೆ ರುಮಟಾಯ್ಡ್ ಇರುವ ಸಾಧ್ಯತೆ ತುಂಬಾ ಜಾಸ್ತಿ. ಇಎಸ್‌ಆರ್ ಮತ್ತು ಸಿಆರ್‌ಪಿ ಉರಿಯೂತ ಎಷ್ಟಿದೆ ಎಂದು ತೋರಿಸುತ್ತವೆ. ಆರಂಭದಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಅಲ್ಟ್ರಾಸೌಂಡ್ ಅಥವಾ ಎಂಆರ್‌ಐನಲ್ಲಿ ಪೊರೆಯ ಊತ ಮೊದಲೇ ಸಿಗುತ್ತದೆ.

ಅಮೆರಿಕ ಮತ್ತು ಯುರೋಪಿನ ಕೀಲುತಜ್ಞರ ಸಂಘಗಳು 2010ರಲ್ಲಿ ಸೇರಿ ಮಾಡಿದ ಮಾನದಂಡದಲ್ಲಿ 10ಕ್ಕೆ 6 ಅಂಕ ಬಂದರೆ ಕಾಯಿಲೆ ಎಂದು ಪರಿಗಣಿಸುತ್ತಾರೆ. ಅದರಲ್ಲಿ ಅತಿ ಹೆಚ್ಚು, ಅಂದರೆ 5 ಅಂಕದವರೆಗೆ, ಇರುವುದು ಎಷ್ಟು ಕೀಲು, ಯಾವ ಕೀಲು ಎಂಬುದಕ್ಕೆ. ವರದಿಯ ಕಾಗದಕ್ಕಿಂತ ನಿಮ್ಮ ಕೈಯನ್ನು ಮುಟ್ಟಿ ನೋಡುವ ವೈದ್ಯರೇ ಮುಖ್ಯ ಎನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ನೋವಿನ ಮಾತ್ರೆ ಚಿಕಿತ್ಸೆಯಲ್ಲ

ಡೈಕ್ಲೋಫೆನಾಕ್, ಐಬುಪ್ರೊಫೆನ್, ಎಟೋರಿಕಾಕ್ಸಿಬ್‌ನಂತಹ ಮಾತ್ರೆಗಳು ನೋವನ್ನೂ ಊತವನ್ನೂ ಕೆಲವು ಗಂಟೆ ಕಡಿಮೆ ಮಾಡುತ್ತವೆ. ಮೂಳೆ ಸವೆತವನ್ನು ತಡೆಯುವುದಿಲ್ಲ. ವರ್ಷಗಟ್ಟಲೆ ನುಂಗಿದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತದೊತ್ತಡ ಕಟ್ಟಿಟ್ಟ ಬುತ್ತಿ.

ಸ್ಟೀರಾಯ್ಡ್‌ನದು ಇನ್ನೊಂದು ಕಥೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅವರು ಹಾಸಿಗೆ ಹಿಡಿದಿದ್ದ ರುಮಟಾಯ್ಡ್ ರೋಗಿಗೆ ಕಾರ್ಟಿಸೋನ್ ಕೊಟ್ಟಾಗ ಆಕೆ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಆದರೆ ದೀರ್ಘಕಾಲ ಕೊಟ್ಟಾಗಿನ ಅಡ್ಡಪರಿಣಾಮಗಳು ಬೇಗನೇ ಬಯಲಾದವು: ಮುಖ ಊದುವುದು, ಸಕ್ಕರೆ ಕಾಯಿಲೆ, ಮೂಳೆ ಟೊಳ್ಳಾಗುವುದು, ಕಣ್ಣಿನ ಪೊರೆ, ಸೋಂಕು. ಇಂದು ವೈದ್ಯರು ಕಡಿಮೆ ಪ್ರಮಾಣದ ಪ್ರೆಡ್ನಿಸೊಲೋನ್ ಅನ್ನು ಮುಖ್ಯ ಔಷಧಿ ಕೆಲಸ ಶುರುಮಾಡುವವರೆಗಿನ ಸೇತುವೆಯಂತೆ ಕೆಲವು ವಾರ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ. ಇದನ್ನು ಸ್ವಂತವಾಗಿ ಮುಂದುವರಿಸುವುದೂ ಅಪಾಯ, ವಾರಗಟ್ಟಲೆ ತೆಗೆದುಕೊಂಡ ಮೇಲೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ.

ಹೆಸರು, ಪದಾರ್ಥಗಳ ಪಟ್ಟಿ ಯಾವುದೂ ಇಲ್ಲದ ಪೊಟ್ಟಣದ ಪುಡಿ, ಕಪ್ಪು ಗುಳಿಗೆಗಳ ಬಗ್ಗೆ ಇಲ್ಲೇ ಒಂದು ಮಾತು. ಎರಡೇ ದಿನಕ್ಕೆ ನೋವು ಮಾಯವಾಗಿ, ತಿಂಗಳಲ್ಲಿ ಮುಖ ದುಂಡಗಾಗಿ ತೂಕ ಏರಿದರೆ, ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಅನುಮಾನ ಬಲವಾಗಿರಲಿ. ಆಯುರ್ವೇದ ಚಿಕಿತ್ಸೆ ಪಡೆಯುವವರು ನೋಂದಾಯಿತ ವೈದ್ಯರ ಹತ್ತಿರವೇ ಹೋಗಿ, ಏನು ತೆಗೆದುಕೊಳ್ಳುತ್ತಿದ್ದೀರೆಂದು ಕೀಲುತಜ್ಞರಿಗೂ ತಿಳಿಸಬೇಕು. ಇಂಗ್ಲಿಷ್ ಔಷಧಿಯನ್ನು ಗುಟ್ಟಾಗಿ ನಿಲ್ಲಿಸಿಬಿಡುವುದರಿಂದ ಹಾಳಾದ ಕೈಗಳು ಕಡಿಮೆಯಿಲ್ಲ.

ವಾರಕ್ಕೊಮ್ಮೆ ಮಾತ್ರ: ಮೆಥೊಟ್ರೆಕ್ಸೇಟ್

ಕಾಯಿಲೆಯ ಓಟವನ್ನೇ ನಿಧಾನಗೊಳಿಸುವ ಔಷಧಿಗಳ ಗುಂಪೇ ಬೇರೆ. ಅವುಗಳಲ್ಲಿ ಮೊದಲ ಆಯ್ಕೆ ಮೆಥೊಟ್ರೆಕ್ಸೇಟ್. ಇದು ಕ್ಯಾನ್ಸರ್ ಔಷಧಿ ಎಂದು ಇಂಟರ್‌ನೆಟ್‌ನಲ್ಲಿ ಓದಿ ಹೆದರಿ ಬಿಡುವವರಿದ್ದಾರೆ. ಕ್ಯಾನ್ಸರ್‌ಗೆ ಕೊಡುವುದು ನಿಜ, ಆದರೆ ಅಲ್ಲಿನ ಪ್ರಮಾಣ ಎಷ್ಟೋ ಪಟ್ಟು ಹೆಚ್ಚು. ರುಮಟಾಯ್ಡ್‌ಗೆ ಅಮೆರಿಕದ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು 1988ರಲ್ಲಿ. ಅಂದಿನಿಂದ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ, ಬೆಲೆಯೂ ಕಡಿಮೆ.

ಇದನ್ನು ತೆಗೆದುಕೊಳ್ಳಬೇಕಾದದ್ದು ವಾರಕ್ಕೆ ಒಂದೇ ದಿನ. ದಿನಾಲೂ ನುಂಗಿದರೆ ರಕ್ತಕಣಗಳ ಉತ್ಪಾದನೆ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಹೀಗೆ ತಪ್ಪಾಗಿ ನುಂಗಿ ಜೀವ ಕಳೆದುಕೊಂಡವರಿದ್ದಾರೆ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಕೂಡ ಸಣ್ಣ ಹಳದಿ ಮಾತ್ರೆಯೇ ಆಗಿರಬಹುದು. ಆದ್ದರಿಂದ ಒಂದು ವಾರವನ್ನು ಗೊತ್ತುಮಾಡಿಕೊಳ್ಳಿ. ಭಾನುವಾರವಾದರೆ, 'ಭಾನುವಾರ ಮಾತ್ರ' ಎಂದು ಮಾತ್ರೆಯ ಪಟ್ಟಿಯ ಮೇಲೆ ಪೆನ್ನಿನಿಂದ ಬರೆದಿಡಿ. ಕನ್ನಡ ಓದುವ ಅಮ್ಮ ಮುಂಬೈ ಅಥವಾ ಚೆನ್ನೈಯಲ್ಲಿ ಮಗನ ಮನೆಯಲ್ಲಿದ್ದರೆ, ಮೆಡಿಕಲ್ ಶಾಪಿನವರು ಬೇರೆ ಭಾಷೆಯಲ್ಲಿ ಗೀಚಿಕೊಟ್ಟ ಸೂಚನೆಯನ್ನು ಕನ್ನಡದಲ್ಲಿ ಬರೆದು ಅಂಟಿಸುವ ಕೆಲಸ ಮಗನದೋ ಸೊಸೆಯದೋ ಆಗಬೇಕು.

ಔಷಧಿಯ ಪರಿಣಾಮ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಎರಡು ವಾರಕ್ಕೆ 'ಏನೂ ಪ್ರಯೋಜನವಿಲ್ಲ' ಎಂದು ಬಿಡಬಾರದು. ನಡುನಡುವೆ ರಕ್ತಕಣ, ಲಿವರ್, ಮೂತ್ರಪಿಂಡದ ಪರೀಕ್ಷೆ ಮಾಡಿಸಲೇಬೇಕು. ಮದ್ಯಪಾನ ಬೇಡ. ಬಾಯಲ್ಲಿ ಹುಣ್ಣು, ಜ್ವರ, ಒಣಕೆಮ್ಮು, ಏದುಸಿರು ಕಂಡರೆ ಮುಂದಿನ ಡೋಸ್ ತೆಗೆದುಕೊಳ್ಳದೆ ವೈದ್ಯರಿಗೆ ಫೋನ್ ಮಾಡಿ. ಬೇರೆ ಕಾಯಿಲೆಗೆ ಬೇರೆ ವೈದ್ಯರ ಹತ್ತಿರ ಹೋದಾಗಲೂ ಈ ಮಾತ್ರೆಯ ಹೆಸರು ಹೇಳಬೇಕು. ಮೂತ್ರದ ಸೋಂಕಿಗೆ ಕೊಡುವ ಟ್ರೈಮೆಥೋಪ್ರಿಮ್ ಇರುವ ಆಂಟಿಬಯೋಟಿಕ್ ಇದರೊಂದಿಗೆ ಸೇರಿದರೆ ಅಪಾಯ.

ಇದೊಂದೇ ಸಾಲದಿದ್ದರೆ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಸಲಜೀನ್, ಲೆಫ್ಲುನೊಮೈಡ್ ಸೇರಿಸುತ್ತಾರೆ ಅಥವಾ ಬದಲಿಸುತ್ತಾರೆ. ಹೈಡ್ರಾಕ್ಸಿಕ್ಲೋರೋಕ್ವಿನ್ ವರ್ಷಗಟ್ಟಲೆ ತೆಗೆದುಕೊಳ್ಳುವವರು ಕಣ್ಣಿನ ರೆಟಿನಾ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ಇದಕ್ಕೂ ಬಗ್ಗದಿದ್ದರೆ ಅಡಲಿಮುಮ್ಯಾಬ್, ಎಟನರ್ಸೆಪ್ಟ್, ರಿಟುಕ್ಸಿಮ್ಯಾಬ್‌ನಂತಹ ಜೈವಿಕ ಔಷಧಿಗಳು, ಟೋಫಾಸಿಟಿನಿಬ್‌ನಂತಹ ಮಾತ್ರೆಗಳಿವೆ. ಅಡಲಿಮುಮ್ಯಾಬ್‌ನ ಮೊದಲ ಬಯೋಸಿಮಿಲರ್ ಭಾರತದಲ್ಲೇ 2014ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಬೆಲೆ ತಗ್ಗಿದೆ, ಆದರೂ ಇವು ದುಬಾರಿಯೇ. ಹಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಕ್ಷಯದ್ದು. ದೇಹದಲ್ಲಿ ಸುಪ್ತವಾಗಿರುವ ಕ್ಷಯದ ರೋಗಾಣು ಈ ಔಷಧಿಗಳಿಂದ ಎಚ್ಚೆತ್ತುಕೊಳ್ಳಬಹುದು. ಹಾಗಾಗಿ ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ ಇಲ್ಲದೆ ಇವನ್ನು ಆರಂಭಿಸುವಂತಿಲ್ಲ.

ಮಕ್ಕಳು ಬೇಕೆನ್ನುವವರಿಗೆ

ಮೆಥೊಟ್ರೆಕ್ಸೇಟ್, ಲೆಫ್ಲುನೊಮೈಡ್ ಗರ್ಭದಲ್ಲಿರುವ ಶಿಶುವಿಗೆ ಹಾನಿಕರ. ಇವನ್ನು ತೆಗೆದುಕೊಳ್ಳುವಾಗ ಗರ್ಭನಿರೋಧಕ ಬಳಸಲೇಬೇಕು. ಮಗು ಬೇಕೆಂದು ನಿರ್ಧರಿಸಿದರೆ ತಿಂಗಳುಗಳ ಮೊದಲೇ ವೈದ್ಯರಿಗೆ ತಿಳಿಸಿ ಔಷಧಿ ಬದಲಿಸಿಕೊಳ್ಳಬೇಕು. ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಸಲಜೀನ್ ಗರ್ಭಿಣಿಯರಿಗೂ ಕೊಡಬಹುದಾದ ಔಷಧಿಗಳು. ಗರ್ಭಿಣಿಯಾದಾಗ ಹಲವರಿಗೆ ನೋವು ತಾನಾಗಿಯೇ ಇಳಿಯುತ್ತದೆ, ಹೆರಿಗೆಯ ನಂತರ ಮತ್ತೆ ಏರುತ್ತದೆ. ಮದುವೆ ಮಾತುಕತೆಯಲ್ಲಿ ಈ ಕಾಯಿಲೆಯನ್ನು ಮುಚ್ಚಿಟ್ಟು, ಗಂಡನ ಮನೆಯಲ್ಲಿ ಮಾತ್ರೆ ನುಂಗಲಾಗದೆ ಬಿಟ್ಟು ನರಳುವ ಹುಡುಗಿಯರಿದ್ದಾರೆ. ರುಮಟಾಯ್ಡ್ ಇದ್ದವರೂ ಮಕ್ಕಳನ್ನು ಹೆತ್ತು ಸಾಕುತ್ತಾರೆ ಎಂಬುದನ್ನು ಎರಡೂ ಮನೆಯವರು ತಿಳಿಯಬೇಕು.

ಮನೆಯಲ್ಲಿ ಏನು ಮಾಡಬಹುದು?

ಕೀಲು ಕೆಂಡದಂತೆ ಊದಿರುವ ದಿನಗಳಲ್ಲಿ ವಿಶ್ರಾಂತಿ ಕೊಡಿ, ಉಳಿದ ದಿನಗಳಲ್ಲಿ ಆಡಿಸಿ. ಪೂರ್ತಿ ಮಲಗಿದರೆ ಸ್ನಾಯು ಸೊರಗಿ ಕೀಲು ಇನ್ನಷ್ಟು ಬಿಗಿಯುತ್ತದೆ. ಬೆಳಗಿನ ಬಿಗಿತಕ್ಕೆ ಬಿಸಿನೀರಿನ ಸ್ನಾನ, ಉಗುರುಬೆಚ್ಚಗಿನ ನೀರಲ್ಲಿ ಕೈ ಮುಳುಗಿಸಿ ಬೆರಳು ಮಡಚಿ ಬಿಡಿಸುವುದು ಹಿತ. ಊದಿ ಬಿಸಿಯಾದ ಕೀಲಿಗೆ ತಣ್ಣೀರಿನ ಪಟ್ಟಿ ಹೆಚ್ಚು ಆರಾಮ ಕೊಡುತ್ತದೆ. ಊದಿದ ಕೀಲನ್ನು ಜೋರಾಗಿ ತಿಕ್ಕಿ ಎಣ್ಣೆ ಹಚ್ಚಿಸುವುದು, 'ಲಟಿಗೆ ತೆಗೆಸುವುದು' ಬೇಡ. ನಡಿಗೆ, ಈಜು, ಸೈಕಲ್ ಒಳ್ಳೆಯವು. ಯೋಗ ಮಾಡುವವರು ಮಣಿಕಟ್ಟಿನ ಮೇಲೆ ಮೈಭಾರ ಬೀಳುವ ಆಸನಗಳನ್ನು ಬಿಡಬೇಕು.

ಭಾರವನ್ನು ಸಣ್ಣ ಕೀಲಿನಿಂದ ದೊಡ್ಡ ಕೀಲಿಗೆ ದಾಟಿಸುವುದು ಒಂದು ಉಪಾಯ. ತರಕಾರಿ ಚೀಲವನ್ನು ಬೆರಳಿಗೆ ನೇತುಹಾಕದೆ ಹೆಗಲಿಗೆ ಹಾಕಿ. ಬಿಸಿ ಪಾತ್ರೆಯನ್ನು ಇಕ್ಕಳದಿಂದ ಒಂದು ಕೈಯಲ್ಲಿ ಎತ್ತದೆ ಎರಡೂ ಅಂಗೈಯಲ್ಲಿ ಬಟ್ಟೆ ಹಿಡಿದು ಎತ್ತಿ. ಚಾಕು, ಸೌಟಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ತಿರುಗಿಸುವ ನಲ್ಲಿಯ ಬದಲು ಒತ್ತುವ ನಲ್ಲಿ ಹಾಕಿಸಿ.

ಊಟದ ಬಗ್ಗೆ ಕೇಳುವವರೇ ಹೆಚ್ಚು. ಹುಳಿ, ಟೊಮೆಟೊ, ಬದನೆಕಾಯಿ, ಆಲೂಗಡ್ಡೆ, ಮೊಸರು ಬಿಟ್ಟರೆ ವಾಸಿಯಾಗುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಯಾವುದಾದರೂ ಒಂದನ್ನು ತಿಂದಾಗಲೆಲ್ಲ ನಿಮಗೆ ನೋವು ಹೆಚ್ಚುತ್ತಿದ್ದರೆ ಅದನ್ನು ಬಿಡಿ, ಆದರೆ ಹತ್ತು ಪಥ್ಯ ಹಿಡಿದು ರಕ್ತಹೀನತೆ ತಂದುಕೊಳ್ಳಬೇಡಿ. ಬೂತಾಯಿ, ಬಂಗುಡೆಯಂತಹ ಮೀನಿನ ಒಮೆಗಾ-3 ಕೊಬ್ಬು ಉರಿಯೂತವನ್ನು ಸ್ವಲ್ಪ ತಗ್ಗಿಸುತ್ತದೆ. ಕರಾವಳಿಯವರಿಗೆ ಇದು ಸಂತೋಷದ ಸುದ್ದಿ. ಅರಿಶಿನದ ಹಾಲು ಕುಡಿಯಲು ಅಡ್ಡಿಯಿಲ್ಲ, ಔಷಧಿಯ ಬದಲಿಗೆ ಕುಡಿಯುವಂತಿಲ್ಲ. ಬೀಡಿ, ಸಿಗರೇಟು ಬಿಡುವುದು ಎಲ್ಲ ಪಥ್ಯಕ್ಕಿಂತ ದೊಡ್ಡ ಪಥ್ಯ. ಧೂಮಪಾನಿಗಳಲ್ಲಿ ಕಾಯಿಲೆ ಉಗ್ರವಾಗಿರುತ್ತದೆ, ಔಷಧಿಗೂ ಕಡಿಮೆ ಬಗ್ಗುತ್ತದೆ.

ಇದು ಕೀಲಿಗಷ್ಟೇ ಸೀಮಿತವಲ್ಲ. ಮೊಣಕೈ ಬಳಿ ಚರ್ಮದಡಿ ಗಂಟು, ಕಣ್ಣು ಬಾಯಿ ಒಣಗುವುದು, ಅಂಗೈ ಜೋಮು ಹಿಡಿಯುವುದು, ಶ್ವಾಸಕೋಶದ ಉರಿಯೂತ ಬರಬಹುದು. ಹೃದಯಾಘಾತದ ಸಾಧ್ಯತೆಯೂ ಹೆಚ್ಚು. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿಕೊಳ್ಳುತ್ತಿರಬೇಕು. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ.

ಕಾಯದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳೂ ಇವೆ. ಒಂದೇ ಕೀಲು ಹಠಾತ್ತನೆ ಕೆಂಪಾಗಿ ಊದಿ ಜ್ವರ ಬಂದರೆ ಒಳಗೆ ಕೀವು ತುಂಬಿರಬಹುದು. ಕಣ್ಣು ಕೆಂಪಾಗಿ ಒಳಗಿಂದ ನೋಯುವುದು, ಉಸಿರಾಟದ ತೊಂದರೆ, ಕುತ್ತಿಗೆ ನೋವಿನ ಜೊತೆ ಕೈಕಾಲು ಜೋಮು ಅಥವಾ ಬಲ ಕಡಿಮೆಯಾಗುವುದು ಕೂಡ ತುರ್ತು ಲಕ್ಷಣಗಳೇ.

ಯಾರನ್ನು ಕಾಣಬೇಕು?

ಮೂಳೆ ವೈದ್ಯರಲ್ಲ, ರುಮಟಾಲಜಿಸ್ಟ್. ದೆಹಲಿಯ ಏಮ್ಸ್, ಮುಂಬೈನ ಕೆಇಎಂ, ಹೈದರಾಬಾದಿನ ನಿಮ್ಸ್, ಚೆನ್ನೈನ ಮದ್ರಾಸ್ ಮೆಡಿಕಲ್ ಕಾಲೇಜು, ವೆಲ್ಲೂರಿನ ಸಿಎಂಸಿ, ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಗಳಲ್ಲಿ ಈ ವಿಭಾಗವಿದೆ. ಊರಲ್ಲಿ ತಜ್ಞರಿಲ್ಲದಿದ್ದರೆ ಮೊದಲ ಬಾರಿ ಇಂಥಲ್ಲಿ ತೋರಿಸಿ ಔಷಧಿ ಗೊತ್ತುಮಾಡಿಕೊಂಡು, ಮುಂದಿನ ರಕ್ತ ಪರೀಕ್ಷೆಗಳನ್ನು ಸ್ಥಳೀಯ ಫಿಜಿಷಿಯನ್ ಹತ್ತಿರ ಮಾಡಿಸಬಹುದು. ಹೋಗುವಾಗ ಹಳೆಯ ವರದಿಗಳು, ನುಂಗುತ್ತಿರುವ ಎಲ್ಲ ಮಾತ್ರೆ, ಪುಡಿ, ಕಷಾಯಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಬೆಳಗಿನ ಹೊತ್ತು ಬೆರಳು ಊದಿರುವಾಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮಧ್ಯಾಹ್ನ ಒಪಿಡಿಯಲ್ಲಿ ಸರದಿ ಬರುವಷ್ಟರಲ್ಲಿ ಊತ ಇಳಿದಿರುತ್ತದೆ.